ಕೆಮ್ಮಕ್ಕನಿಗೇ ಕೆಮ್ಮು ಬರಲಿಲ್ಲ

ನಮ್ಮ ಆಪರೇಷನ್ ವಾರ್ಡಿನಲ್ಲಿ ಇಪ್ಪತ್ತು ವರ್ಷದಿಂದ ರೋಗಿಗಳನ್ನು ಕೆಮ್ಮಿಸುವುದೇ ಆಕೆಯ ಕೆಲಸ. ಫಿಸಿಯೋಥೆರಪಿಸ್ಟ್ ಎಂದು ಬಾಗಿಲ ಮೇಲೆ ಬರೆದಿದ್ದರೂ ಎಲ್ಲರೂ ಕರೆಯುವುದು ಕೆಮ್ಮಕ್ಕ ಎಂದೇ. ಅದೇ ವಾರ್ಡಿನ ಆಯಾ ನಾನು. ಆಕೆ ಕೆಮ್ಮಿಸಿದ್ದನ್ನೆಲ್ಲ ಬೇಸಿನ್ನಿನಲ್ಲಿ ಹಿಡಿದವಳು. ಹಾಗಾಗಿ ಈ ಕಥೆ ಹೇಳುವ ಹಕ್ಕು ನನ್ನದು, ಬೇರೆ ಯಾರಾದರೂ ಹೇಳಿದರೆ ನಂಬಬೇಡಿ.

ಅರಿವಳಿಕೆಯಲ್ಲಿ ಮಲಗಿ ಎದ್ದವರ ಶ್ವಾಸಕೋಶದ ತಳಭಾಗ ಕೆಲವೊಮ್ಮೆ ಮುದುಡಿಕೊಂಡುಬಿಡುತ್ತದೆ. ಎದೆ ತುಂಬ ಉಸಿರೆಳೆದು, ಕೆಮ್ಮಿ ಕಫ ತೆಗೆದರೆ ಮತ್ತೆ ಬಿಚ್ಚಿಕೊಳ್ಳುತ್ತದೆ. ಆದರೆ ಹೊಟ್ಟೆಗೆ ಹೊಲಿಗೆ ಬಿದ್ದವರು ನೋವಿಗೆ ಹೆದರಿ ಕೆಮ್ಮುವುದಿಲ್ಲ. ಅಂಥವರ ಜೊತೆ ಕೆಮ್ಮಕ್ಕ ಜಗಳ ತೆಗೆಯುತ್ತಿದ್ದಳು. ಒಬ್ಬ ದರ್ಜಿಗೆ, ನಿಮ್ಮ ಹೊಲಿಗೆಗಿಂತ ನಮ್ಮ ಡಾಕ್ಟರ ಹೊಲಿಗೆಯೇ ನೇರ ಎಂದಳು. ಬೈಯಬೇಕಾದರೆ ಉಸಿರು ಬೇಕಲ್ಲ! ಅವನು ಎದೆ ತುಂಬ ಗಾಳಿ ಎಳೆದು ಬಾಯಿ ತೆರೆದ, ಕೆಮ್ಮು ಬಂತು. ನಾನು ಬೇಸಿನ್ ಒಡ್ಡಿದೆ.

ಹೋದ ತಿಂಗಳು ಆಕೆಯದೇ ಪಿತ್ತಕೋಶ ತೆಗೆದರು. ಮಾರನೇ ದಿನ ಬೆಳಿಗ್ಗೆ ಎಕ್ಸ್‌ರೇ ನೋಡಿ ಡಾಕ್ಟರ್ ಮುಖ ಸಣ್ಣ ಮಾಡಿಕೊಂಡರು. ಬಲ ಶ್ವಾಸಕೋಶದ ಕೆಳಭಾಗ ಮುದುಡಿದೆ, ರಕ್ತದಲ್ಲಿ ಆಮ್ಲಜನಕ ಇಳಿಯುತ್ತಿದೆ. ಮಧ್ಯಾಹ್ನದೊಳಗೆ ಬಿಚ್ಚದಿದ್ದರೆ ಗಂಟಲಿನಿಂದ ಕೊಳವೆ ಇಳಿಸಿ ಕಫ ತೆಗೆಯಬೇಕು, ಅದಕ್ಕೂ ಬಗ್ಗದಿದ್ದರೆ ಉಸಿರಾಟದ ಯಂತ್ರ ಎಂದರು. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ನಮ್ಮಕ್ಕನ ಕಥೆಯೂ ಅದೇ ಆಯಿತು. ಹೊಟ್ಟೆಗೆ ದಿಂಬು ಒತ್ತಿಕೊಂಡು ಬೆಕ್ಕಿನ ಮರಿ ಸೀನಿದ ಹಾಗೆ ಒಂದು ಸದ್ದು ಮಾಡಿ, ಆಯಿತು ಎಂದಳು. ಉಸಿರೆಳೆದು ಒಳಗಿನ ಪುಟ್ಟ ಗುಂಡು ಮೇಲೇರಿಸುವ ಉಸಿರಿನ ವ್ಯಾಯಾಮದ ಡಬ್ಬಿ ಕೊಟ್ಟರೆ, ಡಬ್ಬಿಯೇ ಕೆಟ್ಟಿದೆ ಎಂದಳು. ನರ್ಸ್ ಜಗಳ ತೆಗೆದು ನೋಡಿದಳು. ನಾನೂ ಬಾಯಿಗೆ ಬಂದದ್ದೆಲ್ಲ ಅಂದೆ. "ನನ್ನ ಪಾಠ ನನಗೇ ಒಪ್ಪಿಸ್ತೀರಾ?" ಎಂದು ಕಣ್ಣು ಮುಚ್ಚಿದಳು. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು.

ಉಳಿದದ್ದು ಆಕೆಯ ಗಂಡ. ಗಡಿಯಾರ ರಿಪೇರಿ ಮಾಡುವವರು, ಇರುವೆಗೂ ಗದರದ ಮನುಷ್ಯ. ವರಾಂಡದಲ್ಲಿ ಹಿಡಿದು ನಿಲ್ಲಿಸಿ, ಒಳಗೆ ಹೋಗಿ ಜಗಳವಾಡಿ, ಇವತ್ತು ಅದೇ ಔಷಧಿ ಎಂದೆ. "ಏನಂತ ಬೈಲಿ ಆಯಮ್ಮ? ಅವಳದ್ದೇನೂ ತಪ್ಪಿಲ್ವಲ್ಲ," ಎಂದರು. ತಪ್ಪು ನಾನೇ ಹುಡುಕಿಕೊಟ್ಟೆ, ಮೂರು. ಒಳಗೆ ಹೋದವರು ಕಾಲರ್ ಸರಿಮಾಡಿಕೊಂಡು, ನೀನು ಬಹಳ ಎಂದು ಶುರು ಮಾಡಿ, ಬಹಳ ಸೊರಗಿದ್ದೀಯ ಎಂದು ಮುಗಿಸಿದರು. ನಾನು ಹಣೆ ಚಚ್ಚಿಕೊಂಡೆ.

ಅಷ್ಟರಲ್ಲಿ ಆಮ್ಲಜನಕದ ಅಂಕಿ ಎಂಬತ್ತೆಂಟಕ್ಕೆ ಇಳಿಯಿತು. ಅವರು ಅದನ್ನೇ ನೋಡುತ್ತ ನಿಂತರು. ಆಮೇಲೆ ಮಂಚದ ಕಂಬಿ ಹಿಡಿದುಕೊಂಡು, "ನೀನಿಲ್ದಿದ್ರೆ ನನ್ನನ್ನ ಬೈಯೋರು ಯಾರೇ? ಆ ಮನೇಲಿ ನಾನೊಬ್ನೇ ಇರಲ್ಲ ಕಣೇ, ಇರೋಕಾಗಲ್ಲ," ಎಂದರು.

ಕೆಮ್ಮಕ್ಕ ಅತ್ತಳು. ಇಪ್ಪತ್ತು ವರ್ಷದಲ್ಲಿ ನಾನು ನೋಡಿರದ ಅಳು. ಬಿಕ್ಕಿ ಬಿಕ್ಕಿ ಅಳಬೇಕಾದರೂ ಎದೆ ತುಂಬ ಉಸಿರು ಬೇಕು. ಮೂರನೇ ಬಿಕ್ಕಿಗೆ ಕೆಮ್ಮು ಹತ್ತಿತು. ದಿಂಬು ಅಪ್ಪಿಕೊಂಡು, ಅಯ್ಯೋ ಅಮ್ಮಾ ಎನ್ನುತ್ತ ಕೆಮ್ಮಿದಳು, ಕೆಮ್ಮಿದಳು. ಬೇಸಿನ್ನಿಗೆ ಬಿದ್ದ ಆ ಕಫದ ಗಟ್ಟಿ ಕಂಡು ನನಗಾದ ಖುಷಿ ಮೊಮ್ಮಗು ಹುಟ್ಟಿದಾಗಲೂ ಆಗಿರಲಿಲ್ಲ, ಸುಳ್ಳೇಕೆ ಹೇಳಲಿ. ಅಂಕಿ ಮೆಲ್ಲಗೆ ಏರತೊಡಗಿತು. ತೊಂಬತ್ತು, ತೊಂಬತ್ತೆರಡು.

ಆಕೆ ಕಣ್ಣೊರೆಸಿಕೊಂಡು ಗಂಡನ ಕಡೆ ತಿರುಗಿ, "ಇನ್ನೊಂದ್ಸಲ ಹೇಳಿ," ಎಂದಳು.

ಕೇಳಿಸಲಿಲ್ಲವೇನೋ ಎಂದುಕೊಂಡು ಆ ಪುಣ್ಯಾತ್ಮ ಗಟ್ಟಿಯಾಗಿ ಹೇಳಿದರು. ಇಡೀ ವಾರ್ಡಿಗೆ ಕೇಳಿಸಿತು.