ಮರಿಗೆಗೆ ತೂಗುಗಾಲು

ಮಂಗೋಲರ ಕುದುರೆಗಳು ತುಳಿದುಹೋದ ಮೇಲಿನ ಕಾಲ. ಆರ್ಮೇನಿಯದ ಗೆಘಾಮಾ ಸರೋವರದ ದಡದ ಒಂದು ಊರಲ್ಲಿ ಯಾರೇ ಸತ್ತರೂ ಗೋರಿಕಲ್ಲು ಕೆತ್ತುವವನು ಕಲ್ಕುಟಿಗ ಮೆಲಿಕ್‌ಸೆಟ್. ರೈತನಾದರೆ ಕಲ್ಲಿನ ಮೇಲೆ ನೇಗಿಲು, ಎತ್ತು, ಕಮ್ಮಾರನಿಗೆ ಇಕ್ಕಳ, ಹೆಂಗಸಿಗೆ ಬಾಚಣಿಗೆ, ಹೆತ್ತವಳಾದರೆ ತೊಟ್ಟಿಲು. ಓದು ಬರಹ ಅವನಿಗೆ ಬಾರದು, ಪಾದ್ರಿ ಇದ್ದಿಲಲ್ಲಿ ಬರೆದುಕೊಟ್ಟದ್ದನ್ನು ಕೆತ್ತುತ್ತಿದ್ದ. ಕಲಿತಿದ್ದು ತನ್ನ ಹೆಸರೊಂದನ್ನೇ. ಅದನ್ನು ಮಾತ್ರ ಪ್ರತಿ ಕಲ್ಲಿನ ಮೇಲೂ ಅಂಗೈಯಗಲ ಕೆತ್ತುವನು. ಸತ್ತವರ ಹೆಸರಿಗಿಂತ ಮೇಸ್ತ್ರಿಯ ಹೆಸರೇ ದಪ್ಪ ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ, ಅವನಿಗೇನೂ ನಾಚಿಕೆಯಿರಲಿಲ್ಲ.

ತೊಟ್ಟಿಲಿಗೊಂದು ಕಟ್ಟಳೆಯಿತ್ತು: ಮಗುವಿಗೆ ಜ್ಞಾನಸ್ನಾನ ಆಗಿರಬೇಕು. ಅದಕ್ಕೆ ಮೊದಲೇ ಕಣ್ಣು ಮುಚ್ಚಿದ ಕೂಸು ಲೆಕ್ಕಕ್ಕಿಲ್ಲ. ಖುತ್ಲು ಎಂಬವಳ ಮಗಳ ಕೂಸು ಹಾಗೆಯೇ ಹೋಯಿತು, ಹಿಂದೆಯೇ ಬಾಣಂತಿಯೂ ಹೋದಳು. ಖುತ್ಲು ಬಂದು ಅಂಗಲಾಚಿದಳು.

"ಒಂದು ಪುಟ್ಟ ತೊಟ್ಟಿಲು ಮೇಸ್ತ್ರಿ. ನನ್ನ ಮಗಳು ಮೂರು ದಿನ ಹಾಲೂಡಿಸಿದಾಳೆ."

"ಆಗಲ್ಲ ಕಣಮ್ಮಾ. ಇವತ್ತು ನಿಂಗೆ ಕೆತ್ತಿದ್ರೆ ನಾಳೆ ಊರಿನ ಹೆಂಗಸರೆಲ್ಲ ಸಾಲು ನಿಲ್ತಾರೆ."

ಬಾಚಣಿಗೆ ಕೆತ್ತಿದ. ಪಕ್ಕದಲ್ಲೇ ತನ್ನ ಹೆಸರು. ಎಂಥಾ ಮನುಷ್ಯನಪ್ಪಾ!

ಏಳು ವರ್ಷದ ಮೇಲೆ ಅವನ ಹೆಂಡತಿ ಮಾಮ್ಕಾನ್ ಹಾಸಿಗೆ ಹಿಡಿದಳು. ಮದುವೆಯಾದ ಹೊಸತರಲ್ಲಿ ಅವಳೂ ಒಂದು ಕೂಸು ಹೆತ್ತಿದ್ದಳು. ಹಿಮ ದಾಟಿ ಪಾದ್ರಿ ಬರುವಷ್ಟರಲ್ಲಿ ಅದು ಹೋಗಿತ್ತು. ಮತ್ತೆ ಮಕ್ಕಳಾಗಲಿಲ್ಲ.

"ನಂಗೆ ಬಾಚಣಿಗೆ ಗೀಚಣಿಗೆ ಬೇಡ ಕಣ್ರೀ. ತೊಟ್ಟಿಲು ಕೆತ್ತಿ."

"ಪಾದ್ರಿ ಬಿಡಲ್ಲ ಕಣೇ."

"ಚಾಣ ಇರೋದು ನಿಮ್ಮ ಕೈಲಿ, ಪಾದ್ರಿ ಕೈಲಲ್ಲ."

ಮೂರನೆಯ ದಿನ ಅವಳು ತೀರಿಕೊಂಡಳು. ಮೆಲಿಕ್‌ಸೆಟ್ ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಕಲ್ಲಿನ ಮುಂದೆ ಕೂತ.

ಕೆಲಸ ಮುಗಿದಾಗ ಪಾದ್ರಿ ನೋಡಲು ಬಂದರು. "ಏನಯ್ಯಾ ಇದು, ತೊಟ್ಟಿಲಲ್ವಾ?"

"ಅಯ್ಯೋ, ಹಿಟ್ಟು ನಾದೋ ಮರಿಗೆ ಸ್ವಾಮಿ. ಅವಳ ರೊಟ್ಟಿ ನೀವೂ ತಿಂದಿದೀರಲ್ಲ?"

"ಮರಿಗೆಗೆ ಅಡಿಯಲ್ಲಿ ಈ ಬಾಗಿದ ತೂಗುಗಾಲು ಯಾಕೋ?"

"ನಮ್ಮನೆ ನೆಲ ಸಮ ಇಲ್ಲ ಸ್ವಾಮಿ."

ಪಾದ್ರಿ ಒಳ್ಳೆಯವರು. ಕಂಡೂ ಕಾಣದವರಂತೆ ಹೊರಟುಹೋದರು.

ಮಾಮ್ಕಾನ್ ತೀರಿಕೊಂಡ ನಲವತ್ತನೆಯ ದಿನ ಗೋರಿಗೆ ಬಂದ ಹೆಂಗಸರಲ್ಲಿ ಖುತ್ಲುವೂ ಇದ್ದಳು. ತೂಗುಗಾಲಿನ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಜಗಳ ತೆಗೆಯಲಿಲ್ಲ, ಶಪಿಸಲಿಲ್ಲ.

"ನನ್ನ ಮಗಳೂ ಹಿಟ್ಟು ನಾದ್ತಿದ್ಲು ಮೇಸ್ತ್ರಿ," ಎಂದಳು, ಅಷ್ಟೇ.

 ಮಾರನೆಯ ಬೆಳಿಗ್ಗೆ ಅವನು ಚಾಣ ಹಿಡಿದು ಖುತ್ಲುವಿನ ಮಗಳ ಕಲ್ಲಿನ ಹತ್ತಿರ ಹೋದ. ಶಿಲುಬೆ, ಬಳ್ಳಿ, ಬಾಚಣಿಗೆ. ಎಳ್ಳಷ್ಟೂ ಖಾಲಿ ಜಾಗವಿಲ್ಲ. ಖಾಲಿ ಮಾಡಬಹುದಾಗಿದ್ದದ್ದು ತನ್ನ ಹೆಸರೊಂದೇ. ಅದನ್ನು ಹೊಡೆದು ಹಾಕಿ, ಅಲ್ಲೊಂದು ಮರಿಗೆ ಕೆತ್ತಿದ, ತೂಗುಗಾಲು ಸಮೇತ.

ಅವನು ಹೆದರಿದ್ದಂತೆ ಹೆಂಗಸರು ಸಾಲು ನಿಂತೇ ನಿಂತರು. ಯಾರಿಗೂ ಇಲ್ಲವೆನ್ನಲಿಲ್ಲ. ಮೆಲಿಕ್‌ಸೆಟ್ ಸಾಯುವ ಹೊತ್ತಿಗೆ ಆ ಗೋರಿಬಯಲಿನಲ್ಲಿ ಅವನ ಹೆಸರು ಉಳಿದಿದ್ದು ಗಂಡಸರ ಕಲ್ಲುಗಳ ಮೇಲೆ ಮಾತ್ರ.