ಬಸವನಾಗದ ಕರು

ನನ್ನ ಮಗಳ ತೋಳಿನ ಮೇಲೆ, ಸಿಡುಬು ಬಾರದಿರಲೆಂದು ದೇವಿ ಹಾಕಿಸಿದ ಎರಡು ಗುರುತುಗಳಿವೆ. ಅವನ್ನು ಕಂಡಾಗಲೆಲ್ಲ ಹರಿಯಬ್ಬೆಯ ನಮ್ಮ ಕೊಟ್ಟಿಗೆ, ಹಸಿ ಹುಲ್ಲಿನ ವಾಸನೆ, ಅತ್ತೆ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದ ಬೆಲ್ಲ ನೆನಪಾಗುತ್ತವೆ. ಈ ವಯಸ್ಸಿನಲ್ಲೂ ಮನಸ್ಸು ಸುಮ್ಮನೆ ಅಲ್ಲಿಗೇ ಓಡುತ್ತದೆ.

ನನ್ನ ಮೊದಲ ಎರಡು ಮಕ್ಕಳು ಉಳಿಯಲಿಲ್ಲ. ಇವಳು ಹುಟ್ಟಿದಾಗ ಅತ್ತೆ, ಇವಳ ಜೀವ ಗಟ್ಟಿಯಾದರೆ ನಮ್ಮ ಹೋರಿಗರುವನ್ನು ದೇವರ ಬಸವನಾಗಿ ಬಿಡುತ್ತೇನೆಂದು ಹರಕೆ ಹೊತ್ತರು. ಕರುವಿನ ತಾಯಿ ನನ್ನ ತವರಿನವರು ಕೊಟ್ಟ ಹಸು. ನನ್ನನ್ನೊಂದು ಮಾತು ಕೇಳಲಿಲ್ಲವಲ್ಲ ಎಂದು ಮೂರು ದಿನ ಮುಖ ಊದಿಸಿಕೊಂಡಿದ್ದೆ. ಅತ್ತೆ ಅದನ್ನು ಗಮನಿಸಿದಂತೆಯೂ ತೋರಿಸಲಿಲ್ಲ. ಕರುವಂತೂ ಅವರದೇ ಆಗಿಹೋಯಿತು. "ಬಾರಪ್ಪ" ಎಂದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಸೆರಗಿಗೆ ಬಾಯಿ ಹಾಕುತ್ತಿತ್ತು.

ಮಗಳಿಗೆ ಎಂಟು ತಿಂಗಳಾದಾಗ ಪಕ್ಕದ ಊರಿನಲ್ಲಿ ಸಿಡುಬು ಕಾಣಿಸಿತು. ಹಿರಿಯೂರಿನಿಂದ ದೇವಿ ಹಾಕುವವರು ಬಂದರು. ತಂದಿದ್ದ ಮದ್ದು ಬಹುಪಾಲು ಬಿಸಿಲಿಗೆ ಕೆಟ್ಟಿತ್ತು. ಉಳಿದದ್ದನ್ನು ಎಳೆಗರುವಿನ ಹೊಟ್ಟೆ ಬೋಳಿಸಿ, ಗೀರಿ ಹಚ್ಚಬೇಕು. ಆರು ದಿನಕ್ಕೆ ಏಳುವ ಗುಳ್ಳೆಗಳ ರಸ ಇಡೀ ಊರಿಗೆ ಆಗುತ್ತದೆ. ಯಾರಾದರೂ ಒಂದು ಕರು ಕೊಡಿ ಎಂದು ಕೇಳಿದರು. ಕರುವಿದ್ದ ಇನ್ನೆರಡು ಮನೆಯವರು ಬಾಗಿಲು ಮುಂದೆ ಮಾಡಿಕೊಂಡರು.

ಮೈಮೇಲೆ ಗಾಯದ ಗುರುತಿದ್ದ ಕರುವನ್ನು ಬಸವನಾಗಿ ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಕೊಟ್ಟರೆ ಹರಕೆ ಮುರಿಯುತ್ತದೆ, ಕೊಡದಿದ್ದರೆ ಮಗು ಸಿಡುಬಿನ ಬಾಯಿಗೆ. ಅತ್ತೆ ಊಟ ಬಿಟ್ಟು ಕುಳಿತರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಹಸು ನಂದು. ಪಾಪ ಬಂದ್ರೆ ನನಗೇ ಬರ್ಲಿ, ನಾನು ಕೊಡ್ತೀನಿ."

"ನೀನು ಕರೆದ್ರೆ ಅದು ಬರಲ್ಲ ಕಣಮ್ಮ. ನಾನೇ ಕರೀಬೇಕು" ಎಂದರು.

ಅವರೇ ಕರೆದರು. ಕರು ಎಂದಿನಂತೆ ಓಡಿ ಬಂತು. ಅಂಗೈಯ ಬೆಲ್ಲ ನೆಕ್ಕುತ್ತಿರುವಾಗಲೇ ನಾಲ್ವರು ಕಾಲು ಕಟ್ಟಿ ಕೆಡವಿದರು. ಅದು ಅತ್ತೆಯ ಮುಖವನ್ನೇ ನೋಡುತ್ತ ಕೂಗಿತು. ನಾನು ಮಗುವನ್ನು ಅವಚಿಕೊಂಡು ಒಳಗೆ ಓಡಿದೆ. ಅತ್ತೆ ಅಲ್ಲೇ ನಿಂತಿದ್ದರು.

ಸಿಡುಬು ನಮ್ಮೂರಿಗೂ ಬಂತು, ಆದರೆ ದೇವಿ ಹಾಕಿಸಿಕೊಂಡ ಮಕ್ಕಳನ್ನು ಮುಟ್ಟಲಿಲ್ಲ. ಬಾಗಿಲು ಹಾಕಿಕೊಂಡಿದ್ದವರೇ ಬಂದು, "ದೊಡ್ಡ ದಾನ ಮಾಡಿದ್ರಿ ಬಿಡ್ರಿ" ಎಂದರು.

ಅತ್ತೆಗೆ ಸಿಟ್ಟು ಬಂತು. "ನಾನೇನು ಕೊಟ್ಟೆ? ನೋವು ತಿಂದಿದ್ದು ಅದು. ಅದನ್ನ ಒಂದು ಮಾತು ಕೇಳಿದ್ನಾ?"

ನನ್ನನ್ನೂ ಕೇಳಿರಲಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಅವರ ಕಣ್ಣು ನೋಡಿ ನುಂಗಿಕೊಂಡೆ. ಅಂದಿನಿಂದ ಅವರ ಮೇಲೆ ನನಗೆ ಸಿಟ್ಟು ಉಳಿಯಲಿಲ್ಲ.

ಕರು ಬಸವನಾಗಲಿಲ್ಲ, ನಮ್ಮ ಮನೆಯಲ್ಲೇ ಬೆಳೆದು ಎತ್ತಾಯಿತು. ಅತ್ತೆ ಅದರ ಹೆಗಲಿಗೆ ನೊಗ ಇಡಗೊಡಲಿಲ್ಲ. ನಾನು ಕರೆದರೆ ಬರುತ್ತಿತ್ತು. ಮಗಳು ಕಿವಿ ಹಿಡಿದು ಜಗ್ಗಿದರೂ ಸುಮ್ಮನಿರುತ್ತಿತ್ತು. ಅತ್ತೆ ಹತ್ತಿರ ಹೋದರೆ ಮಾತ್ರ ಹಗ್ಗ ಬಿಗಿಯುವಷ್ಟು ಹಿಂದೆ ಸರಿಯುತ್ತಿತ್ತು. ಅವರು ಅದನ್ನು ಮತ್ತೆಂದೂ ಕರೆಯಲಿಲ್ಲ. ದಿನಾ ಬೆಳಿಗ್ಗೆ ಮೇವು ಹಾಕುವ ಗೋದಲೆಯ ಅಂಚಿನಲ್ಲಿ ಬೆಲ್ಲದ ತುಂಡು ಇಟ್ಟು, ಕಂಬದ ಮರೆಗೆ ಹೋಗಿ, ಅದು ತಿಂದು ಮುಗಿಸುವವರೆಗೂ ಅಲ್ಲೇ ನಿಂತಿರುತ್ತಿದ್ದರು.