ಕಾಕಾ ಎರಡು ದಿನ ಕೆರೆಗೆ ಹೋದದ್ದು

ಊಟಕ್ಕೆ ಕೂತಿದ್ದರೆ ಇದನ್ನು ಆಮೇಲೆ ಓದಿ. ಹೇಳಲಿಲ್ಲ ಅನ್ನಬೇಡಿ.

ಎಪ್ಪತ್ತರ ದಶಕ, ರಾಜಾಜಿನಗರದಲ್ಲಿ ನಮ್ಮ ಬಾಡಿಗೆ ಮನೆ. ಹುಬ್ಬಳ್ಳಿ ಕಡೆಯಿಂದ ಕೆಲಸಕ್ಕೆ ಬಂದ ಕಾಕಾ, ಅಂದರೆ ಅಪ್ಪನ ತಮ್ಮ, ನಮ್ಮ ಜೊತೆಗೇ ಇದ್ದ. ವಿಜಯನಗರದಲ್ಲಿ ಹೆಣ್ಣು ನೋಡಿ ಬಂದಿದ್ದ. ಹುಡುಗಿ ತಲೆ ತಗ್ಗಿಸದೆ ಇವನನ್ನೇ ನೋಡಿದ್ದಳಂತೆ, ಅಷ್ಟಕ್ಕೇ ಬಿದ್ದುಹೋಗಿದ್ದ. ಅವಳಪ್ಪನ ಉತ್ತರ ಮಾತ್ರ ಬರಲಿಲ್ಲ. ದಿನವಿಡೀ ಗೇಟಿಗೆ ಜೋತುಬಿದ್ದಿರುತ್ತಿದ್ದ ಅವನನ್ನು ನೋಡಲಾರದೆ ನಮ್ಮಪ್ಪ, ಗೆಳೆಯರೊಬ್ಬರ ಕೆರೆ ಗುಡಿಸಲಿಗೆ ಅಟ್ಟಿದರು. ನಾನೂ ಗಂಟುಬಿದ್ದೆ.

ಹೊರಡುವಾಗ ಓನರ್ ಅಜ್ಜಿ ಬಾಗಿಲಲ್ಲೇ ಸಿಕ್ಕರು.

"ಎಲ್ಲಿಗಪ್ಪಾ ಸವಾರಿ?"

"ಮೂಡಲಪಾಳ್ಯದ ಆಚಿ ಕೆರಿಗೆ ಹೊಂಟೀನ್ರಿ ಅಜ್ಜಿ. ಎರಡು ದಿನ ಅಲ್ಲೇ ಇರ್ತೀನಿ."

"ಅಷ್ಟು ದೂರಾನಾ? ಇಲ್ಲೇ ಹಿತ್ಲಲ್ಲೇ ಐತಲ್ಲಪ್ಪಾ! ಎರಡು ದಿನ ಅಂದ್ರೆ... ಅಯ್ಯೋ, ಏನ್ ತಿಂದೆ?"

"ಜ್ವಾಳದ ರೊಟ್ಟಿ ರೀ."

"ಅದೇ ಮತ್ತೆ!"

ಅಜ್ಜಿಯ ಭಾಷೆಯಲ್ಲಿ 'ಕೆರೆಗೆ ಹೋಗುವುದು' ಎಂದರೆ ಚೊಂಬು ಹಿಡಿದು ಹೋಗುವ ಕೆಲಸ. ಕಾಕಾನಿಗೆ ಕೆರೆ ಎಂದರೆ ನೀರು. ಬೀದಿಯಲ್ಲೇ ಬೆಳೆದ ನನಗೆ ಎರಡೂ ಗೊತ್ತಿತ್ತು. ಬಾಯಿ ಬಿಡುತ್ತೇನೆಯೇ?

ಮೂಡಲಪಾಳ್ಯ ದಾಟಿದರೆ ಬರೀ ರಾಗಿ ಹೊಲ, ಆಮೇಲೆ ಕೆರೆ ಏರಿ. ಗುಡಿಸಲಿಗೆ ಚಿಲಕವಿರಲಿಲ್ಲ, ಬಾಗಿಲನ್ನು ಹುರಿಯಿಂದ ಕಟ್ಟಬೇಕು. ಒಳಗೆ ಒಂದು ಚಾಪೆ, ಒಂದು ಲಾಟೀನು, ನಮಗಿಂತ ಮುಂಚೆ ಬಂದು ನೆಲೆಸಿದ ಕಪ್ಪೆಗಳು. "ಆಹಾ, ಎಂಥಾ ಶಾಂತಿ!" ಎಂದ ಕಾಕಾ, ಕಪ್ಪೆಯೊಂದು ಬನಿಯನ್ನಿನೊಳಗೆ ಹೊಕ್ಕಾಗ ಕುಣಿದ ಕುಣಿತಕ್ಕೆ ನೀರುಕೋಳಿಗಳೆಲ್ಲ ಹಾರಿಹೋದವು. ರೊಟ್ಟಿ, ಶೇಂಗಾ ಚಟ್ನಿ ತಿಂದು, ನೀರಿಗೆ ಕಲ್ಲೆಸೆಯುತ್ತ ಅವನು ಹುಡುಗಿಯ ಬಗ್ಗೆ ಹೇಳಿದ್ದನ್ನೇ ಹೇಳಿದ.

ಅತ್ತ ಅದೇ ಸಂಜೆ ಹುಡುಗಿಯ ಅಪ್ಪ ಉತ್ತರ ಹೇಳಲೆಂದು ನಮ್ಮ ಮನೆಗೆ ಬಂದಿದ್ದಾರೆ. ಮನೆಯಲ್ಲಿ ಯಾರೂ ಇಲ್ಲ. ಅಜ್ಜಿಯೇ ವರದಿ ಒಪ್ಪಿಸಿದ್ದಾರೆ: "ಹುಡ್ಗ ಬೆಳಗ್ಗೆ ಕೆರೆಗೆ ಹೋದೋನು ಇನ್ನೂ ಬಂದಿಲ್ಲ ಸಾರ್. ನಾಳೆ ಬರ್ತಾನಂತೆ. ಪಾಪ, ಮೂಡಲಪಾಳ್ಯದವರ್ಗೂ ಹೋಗವ್ನೆ."

ಮರುದಿನ ಬೆಳಿಗ್ಗೆ ಏರಿಯ ಮೇಲೆ ಸ್ಕೂಟರ್ ಬಂತು. ಹುಡುಗಿಯ ಅಪ್ಪ, ಹಿಂದೆ ಮಗಳು. ಅವಳ ಕೈಯಲ್ಲಿ ಮೆಂತ್ಯದ ಮಜ್ಜಿಗೆಯ ಬಾಟಲಿ.

"ಎಲ್ಲಿದಾರಮ್ಮಾ ನಿಮ್ಮ ಕಾಕಾ?" ಅವರು ಕೇಳಿದರು.

"ಕೆರೆಗೆ ಹೋಗಿದಾರೆ," ಎಂದೆ. ಈ ಸಲ ಅದು ಅಜ್ಜಿಯ ಅರ್ಥದಲ್ಲೂ ನಿಜವಾಗಿತ್ತು.

"ಇನ್ನೂನಾ!"

ಹೊಂಗೆ ಪೊದೆಯ ಹಿಂದಿನಿಂದ ಕಾಕಾ ಬಂದ. ಲುಂಗಿ ಮೇಲೆತ್ತಿ ಕಟ್ಟಿದ್ದ, ಕೈಯಲ್ಲಿ ಖಾಲಿ ಚೊಂಬು. ಇವರನ್ನು ಕಂಡು ಲುಂಗಿ ಬಿಡುವುದೋ ಚೊಂಬು ಬಿಡುವುದೋ ತಿಳಿಯದೆ ನಿಂತ.

"ಎಷ್ಟು ದಿನದಿಂದ ಹಿಂಗೆ?" ಹುಡುಗಿಯ ಅಪ್ಪ ಗಂಭೀರವಾಗಿ ಕೇಳಿದರು.

"ಸಣ್ಣಾವ ಇದ್ದಾಗಿಂದ ರೀ. ಕೆರಿ ಅಂದ್ರ ತಡ್ಕೊಳ್ಳಾಕ ಆಗಂಗಿಲ್ಲ."

"ಡಾಕ್ಟ್ರಿಗೆ ತೋರಿಸ್ಲಿಲ್ವೇನಪ್ಪಾ?"

"ಇದಕ್ಕ್ಯಾಕ್ರೀ ಡಾಕ್ಟರು? ಮದುವಿ ಆದಮ್ಯಾಲ ನಿಮ್ಮ ಮಗಳ್ನೂ ಕರ್ಕೊಂಡು ಬರ್ತೀನ್ರಿ. ಇಬ್ರೂ ಆರಾಮ ಕುಂದ್ರತೀವಿ."

ಅವಳಪ್ಪ ಸ್ಕೂಟರಿನತ್ತ ತಿರುಗಿದರು. ಕಾಕಾನ ಮುಖ ಬಿಳಿಚಿಕೊಂಡಿತು. ನನಗೂ ನಗು ನಿಂತಿತು.

ಹುಡುಗಿ ಗುಡಿಸಲೊಳಗೆ ಇಣುಕಿದಳು. ಚಾಪೆ, ಲಾಟೀನು, ರೊಟ್ಟಿ ಗಂಟು ಕಂಡಳು. ನೀರಿನ ಕಡೆ ನೋಡಿದಳು. ಆಮೇಲೆ ಬಾಟಲಿ ಅಲುಗಾಡುವಂತೆ ನಗತೊಡಗಿದಳು.

"ಅಪ್ಪಾ, ಇವ್ರು ಹೇಳ್ತಿರೋದು ಈ ಕೆರೆ! ನೀರಿರೋ ಕೆರೆ!"

ಅವಳಪ್ಪ ಕೆರೆ ನೋಡಿದರು, ಚೊಂಬು ನೋಡಿದರು. "ಮತ್ತೆ ಅದು?"

ಕಾಕಾ ಚೊಂಬನ್ನು ಬೆನ್ನ ಹಿಂದೆ ಅಡಗಿಸಿದ. ಹುಡುಗಿ ಅವನನ್ನೇ ನೇರವಾಗಿ ನೋಡಿ ಹೇಳಿದಳು:

"ಮದುವೆ ಆದ್ಮೇಲೆ ಬರ್ತೀನಿ ರೀ. ಆದ್ರೆ ನನ್ ಚೊಂಬು ನಾನೇ ತರ್ತೀನಿ."